ನಾಟಿಯ ವಾರದಲ್ಲಿ ಕರೆದ ಸಭೆ

ನಮ್ಮ ಕಡೆ ಅಮಾವಾಸ್ಯೆಯ ದಿನ ಯಾರೂ ಎತ್ತು ಹೂಡುವುದಿಲ್ಲ. ಟ್ರ್ಯಾಕ್ಟರ್ ಬಂದ ಮೇಲೂ ಆ ರೂಢಿ ಹೋಗಲಿಲ್ಲ. ಅವತ್ತು ಅದನ್ನೂ ತೊಳೆದು, ಕುಂಕುಮ ಹಚ್ಚಿ ನಿಲ್ಲಿಸುತ್ತಾರೆ. ಹೊಲದ ಕೆಲಸ ಇಲ್ಲದ ಮೇಲೆ ಕೂಲಿಯವರೂ ಮನೆಯಲ್ಲೇ ಇರುತ್ತಾರೆ. ಹಾಗಾಗಿ ಕುರುಗೋಡು ದಾಟಿ ಸಿರುಗುಪ್ಪದ ಕಡೆ ಹೋಗುವಾಗ ಸಿಗುವ ನಮ್ಮ ಊರಿನಲ್ಲಿ ನಾಲ್ಕು ಜನ ಕೂತು ಆಡಬೇಕಾದ ಮಾತೆಲ್ಲ ಅಮಾವಾಸ್ಯೆಗೇ ನಡೆಯುತ್ತದೆ. ಅಣ್ಣತಮ್ಮಂದಿರ ಪಾಲು, ಬದುವಿನ ಜಗಳ, ಗುಡಿಯ ಸುಣ್ಣ, ಮಸೀದಿಯ ಕಾಂಪೌಂಡು, ಯಾವುದೇ ಇರಲಿ. ಅವತ್ತು ಕರೆದರೆ ಎಲ್ಲರೂ ಬರುತ್ತಾರೆ. ಬೇರೆ ದಿನ ಕರೆದರೆ ಹೊಲ ಇದ್ದವರು ಮಾತ್ರ ಬರುತ್ತಾರೆ.

ಇದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದರಿಂದಲೇ ಸೋಲಾರ್ ಸಭೆಯನ್ನು ನಾನು ಅಮಾವಾಸ್ಯೆಗೆ ಇಡಿಸಲಿಲ್ಲ.

ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಲೈನ್‌ಮನ್ ಕೆಲಸಕ್ಕೆ ಸೇರಿದವನು. ಕುರುಗೋಡಿನ ಸುತ್ತಮುತ್ತ ನಾನು ಹತ್ತದ ಕಂಬ ಕಡಿಮೆ. ಗಾಳಿಗೆ ತಂತಿ ಹರಿದರೆ ಜನ ಆಫೀಸಿಗೆ ಹೋಗುತ್ತಿರಲಿಲ್ಲ, ನನ್ನ ಬಾಗಿಲಿಗೆ ಬರುತ್ತಿದ್ದರು. ರಿಟೈರ್ ಆದ ಮೇಲೂ ಕರೆಂಟಿನ ವಿಷಯ ಬಂತೆಂದರೆ ಊರಿನಲ್ಲಿ ನಾನು ಹೇಳಿದ್ದೇ ಕೊನೆಯ ಮಾತು. ಅಷ್ಟು ನಂಬಿಕೆಯನ್ನು ಒಬ್ಬ ಮನುಷ್ಯನ ಮೇಲೆ ಹೊರಿಸಬಾರದು ಎಂದು ಈಗ ಅನ್ನಿಸುತ್ತದೆ. ಆಗ ಅನ್ನಿಸಿರಲಿಲ್ಲ. ಆಗ ಅದು ನನಗೆ ಹಿತವಾಗಿತ್ತು.

ನಮ್ಮೂರಿಗೆ ಕಾಲುವೆಯ ನೀರು ಹತ್ತುವುದಿಲ್ಲ. ಎಲ್ಲವೂ ಮಳೆ ನಂಬಿದ ಎರೆಮಣ್ಣಿನ ಹೊಲ. ಹತ್ತಿ, ಮೆಣಸಿನಕಾಯಿ, ಕಡಲೆ ಬೆಳೆಯುತ್ತೇವೆ. ಹತ್ತಿ ಬಿಡಿಸಿ ಮುಗಿದ ಮೇಲೆ ಹೊಲದ ತುಂಬ ಒಣಗಿದ ಕಡ್ಡಿ ನಿಂತಿರುತ್ತದೆ. ಅದನ್ನು ಕೀಳಿಸುವುದಕ್ಕೆ ನಮ್ಮಲ್ಲಿ ಯಾರೂ ಕೂಲಿ ಕೊಡುವುದಿಲ್ಲ. ಹೊಲವಿಲ್ಲದ ಮನೆಯ ಹೆಂಗಸರು ತಾವೇ ಬಂದು, ಕೈಗೆ ಹಳೇ ಬಟ್ಟೆ ಸುತ್ತಿಕೊಂಡು, ಬುಡಸಮೇತ ಕಿತ್ತು ಹೊರೆ ಕಟ್ಟುತ್ತಾರೆ. ಹೊಲದವನಿಗೆ ಹೊಲ ಹಸನಾಗುತ್ತದೆ, ಅವರಿಗೆ ವರ್ಷದ ಒಲೆ ನಡೆಯುತ್ತದೆ. ಕೇಳುವುದು, ಕೊಡುವುದು ಅಂತೇನೂ ಇಲ್ಲ. ಯಾವ ಹೊಲದ ಕಡ್ಡಿ ಯಾರ ಮನೆಗೆ ಎನ್ನುವುದು ಅವರವರಲ್ಲೇ ಗೊತ್ತು. ಗ್ಯಾಸಿನ ಸಿಲಿಂಡರು ಎಲ್ಲರ ಮನೆಯಲ್ಲೂ ಇದೆ, ಆದರೆ ಅದು ನೆಂಟರು ಬಂದಾಗ ಚಹಾ ಕಾಯಿಸುವುದಕ್ಕೆ. ದಿನದ ರೊಟ್ಟಿ ಹತ್ತಿಕಡ್ಡಿಯ ಮೇಲೆಯೇ.

ಸೋಲಾರ್ ಕಂಪನಿಯಿಂದ ಬಂದ ಹುಡುಗ ತೆಲುಗಿನಲ್ಲಿ ಮಾತನಾಡುತ್ತಿದ್ದ. ಒಳ್ಳೆಯವನೇ. ಊರಿನ ಪೂರ್ವದ ಹೊಲಗಳನ್ನು ಬಹಳ ವರ್ಷಗಳಿಗೆ ಗುತ್ತಿಗೆ ಹಿಡಿಯುವುದಾಗಿಯೂ, ಅದಕ್ಕೆ ಮೊದಲು ಊರಿನವರೆಲ್ಲರ ಸಭೆ ಆಗಬೇಕು, ಬರೀ ಹೊಲದವರದ್ದಲ್ಲ ಎಂಬ ನಿಯಮವಿರುವುದಾಗಿಯೂ ಹೇಳಿದ. ದಿನ ನೀವೇ ಹೇಳಿ ಸಾರ್, ನಿಮಗೆ ಊರು ಗೊತ್ತು ಎಂದ. ಆ ಪೂರ್ವದ ಹೊಲಗಳಲ್ಲಿ ನನ್ನದೂ ಒಂದು. ಬಿತ್ತಿ ಬೆಳೆಯುವ ಶಕ್ತಿ ನನ್ನಲ್ಲಿ ಉಳಿದಿರಲಿಲ್ಲ. ಮಗ ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಯೂನಿಟ್ ಹಾಕಿಕೊಂಡಿದ್ದ, ಅವನ ಜೊತೆ ಹೋಗಿ ಇದ್ದುಬಿಡೋಣ ಎಂದು ಹೆಂಡತಿಯೂ ಹೇಳುತ್ತಿದ್ದಳು. ಗುತ್ತಿಗೆ ಆದರೆ ಎಲ್ಲವೂ ಸಲೀಸು.

ಒಂದೇ ಹೆದರಿಕೆ. ಕೂಲಿಯ ಹೆಂಗಸರು ಸಭೆಗೆ ಬಂದರೆ ಕಡ್ಡಿಯ ಮಾತು ಎತ್ತುತ್ತಾರೆ. ಹಳ್ಳಕ್ಕೆ ಆಡು ಹೊಡೆದುಕೊಂಡು ಹೋಗುವ ದಾರಿಯ ಮಾತು ಎತ್ತುತ್ತಾರೆ. ಒಂದು ಮಾತು ಹತ್ತಾಗುತ್ತದೆ. ಕಂಪನಿಯವರಿಗೆ ಬೇಸರ ಬಂದು ಪಕ್ಕದ ಊರಿಗೆ ಹೋಗುತ್ತಾರೆ. ಹೀಗೆ ಲೆಕ್ಕ ಹಾಕಿದೆ.

ಆ ಹೆಂಗಸರಿಗೆಲ್ಲ ಒಬ್ಬಳು ಮೇಸ್ತ್ರಿ ಇದ್ದಳು. ಈಗಲೂ ಇದ್ದಾಳೆ. ಮಸೀದಿ ಓಣಿಯವಳು, ಗಂಡ ತೀರಿದ ಮೇಲೆ ಕೂಲಿಯ ಗುಂಪು ಕಟ್ಟಿ ಬದುಕಿದವಳು. ನಾಟಿಯ ಕಾಲಕ್ಕೆ ಟೆಂಪೋದಲ್ಲಿ ಎಲ್ಲರನ್ನೂ ಸಿರುಗುಪ್ಪದ ಗದ್ದೆಗಳಿಗೆ ಕರೆದುಕೊಂಡು ಹೋಗುತ್ತಾಳೆ. ನನ್ನನ್ನು ಅಣ್ಣಾ ಎನ್ನುತ್ತಾಳೆ. ಅವಳ ಮನೆಗೆ ಮೊದಲ ಬಲ್ಬು ಹಾಕಿದವನು ನಾನು.

ಸಿರುಗುಪ್ಪದ ಹತ್ತಿರದ ದೇಶನೂರಿನಲ್ಲಿ ನನಗೆ ಪರಿಚಯದ ಒಬ್ಬ ಗದ್ದೆಯ ಯಜಮಾನರಿದ್ದರು. ನಾಟಿಗೆ ಆಳು ಹುಡುಕುತ್ತಿದ್ದರು. ಅವರಿಗೆ ಫೋನು ಮಾಡಿ, ನಮ್ಮೂರಿನ ಗುಂಪನ್ನು ಕಳಿಸಿಕೊಡುತ್ತೇನೆ, ಒಂದು ವಾರ ಪೂರ್ತಿ ಇಟ್ಟುಕೊಳ್ಳಿ ಎಂದೆ. ಆಮೇಲೆ ಮಸೀದಿ ಓಣಿಗೆ ನಾನೇ ನಡೆದು ಹೋಗಿ ಅವಳಿಗೆ ಕೆಲಸ ಇರುವ ಸುದ್ದಿ ಹೇಳಿದೆ. ಅವಳ ಮುಖ ಅರಳಿತು. ಆ ವರ್ಷ ಕಾಲುವೆಗೆ ನೀರು ತಡವಾಗಿ ಬಿಟ್ಟಿದ್ದರು, ಕೆಲಸ ಕಡಿಮೆಯಿತ್ತು. ಚಹಾ ಮಾಡಿಸಿಕೊಟ್ಟಳು. ಕುಡಿದು ಬಂದೆ.

ಸಭೆ ಆ ವಾರದ ನಡುವೆ, ಹಗಲು ಹನ್ನೊಂದು ಗಂಟೆಗೆ, ಶಾಲೆಯ ಜಗಲಿಯ ಮೇಲೆ ಆಯಿತು. ಹೊಲದವರು ಬಂದರು. ಹಿಂದಿನ ಸಾಲು ತುಂಬಲಿ ಎಂದು ಅವರ ಮನೆಯ ಹೆಂಗಸರನ್ನೂ ಕರೆಸಿ ಕೂರಿಸಿದೆವು. ಬಿಸಿಲಿನಿಂದ ಹೊಗೆಯಿಲ್ಲದ ಕರೆಂಟು ಹುಟ್ಟುತ್ತದೆ, ದೇಶಕ್ಕೆ ಒಳ್ಳೆಯದು ಎಂದು ನಾನು ವಿವರಿಸಿದೆ. ಅದು ಸುಳ್ಳಲ್ಲ. ಇವತ್ತಿಗೂ ಅದನ್ನು ಸುಳ್ಳು ಎನ್ನುವುದಿಲ್ಲ. ಯಾರದಾದರೂ ತಕರಾರು ಇದೆಯಾ ಎಂದು ಆ ಹುಡುಗ ಕೇಳಿದ. ಯಾರೂ ಮಾತನಾಡಲಿಲ್ಲ. ನನಗೆ ಶಾಲು ಹೊದಿಸಿದರು, ಫೋಟೋ ತೆಗೆದರು.

ಬೇಲಿ ಬಂತು. ಮರುವರ್ಷ ಪೂರ್ವದ ಕಡೆ ಯಾರೂ ಹತ್ತಿ ಬಿತ್ತಲಿಲ್ಲ. ಕಡ್ಡಿ ಕೀಳುವ ಕಾಲ ಬಂದಾಗ ಹೆಂಗಸರೆಲ್ಲ ಪಶ್ಚಿಮದ ಹೊಲಗಳಿಗೇ ಬಿದ್ದರು. ಇಷ್ಟು ವರ್ಷ ಜಗಳವಾಡದವರು ಹೊರೆಗಾಗಿ ಜುಟ್ಟು ಹಿಡಿದುಕೊಂಡರು ಎಂದು ಕೇಳಿದೆ. ಅಷ್ಟರಲ್ಲಿ ನಾನು ಬಳ್ಳಾರಿಯ ಪಾರ್ವತಿನಗರಕ್ಕೆ ಬಂದು ಮಗನ ಮನೆ ಸೇರಿದ್ದೆ. ಊರಿಗೆ ಹೋದಾಗ ಬಸ್ಸಿನಿಂದ ಆ ಸೋಲಾರ್ ಹಲಗೆಗಳು ಕಾಣುತ್ತಿದ್ದವು, ಎಲ್ಲವೂ ಒಂದೇ ಕಡೆ ಮುಖ ಮಾಡಿಕೊಂಡು. ಅಲ್ಲಿ ಹುಟ್ಟಿದ ಕರೆಂಟು ದೊಡ್ಡ ಟವರುಗಳ ಮೇಲೆ ಎಲ್ಲಿಗೋ ಹೋಗುತ್ತದೆ. ಊರಿನಲ್ಲಿ ಮಧ್ಯಾಹ್ನ ಕರೆಂಟು ಹೋಗುವುದು ಹಾಗೇ ಇದೆ. ಯಾಕೆ ಎಂದು ನನಗೆ ಲೈನ್‌ಮನ್ ಆಗಿ ಗೊತ್ತು. ಕೇಳಿದವರಿಗೆ ವಿವರಿಸಲು ಮಾತ್ರ ನಾಲಗೆ ಹೊರಳುತ್ತಿರಲಿಲ್ಲ.

ಇಷ್ಟೇ ಆಗಿದ್ದರೆ ಮರೆತುಬಿಡುತ್ತಿದ್ದೆನೇನೋ. ಆದರೆ ಮೇಸ್ತ್ರಿ ಮರೆಯಗೊಡಲಿಲ್ಲ. ಕೆಲಸವಿಲ್ಲದ ವರ್ಷ ಕೆಲಸ ಕೊಡಿಸಿದವನು ಎಂದು ಅವಳಿಗೆ ನನ್ನ ಋಣವಿದೆ ಎಂಬ ಭಾವ. ಪ್ರತಿ ರಂಜಾನಿಗೆ ಹಾಲು, ಶಾವಿಗೆ, ಖರ್ಜೂರ ಹಾಕಿದ ಸುರ್ಕುಂಬಾವನ್ನು ಸ್ಟೀಲ್ ಡಬ್ಬಿಯಲ್ಲಿ ತುಂಬಿಕೊಂಡು ಬಸ್ಸಿನಲ್ಲಿ ಬಳ್ಳಾರಿಗೆ ಬರುತ್ತಿದ್ದಳು. ನನ್ನ ಹೆಂಡತಿ ಡಬ್ಬಿಯನ್ನು ಬರಿದಾಗಿ ಕಳಿಸದೆ ಶೇಂಗಾ ಹೋಳಿಗೆ ಹಾಕಿ ಕೊಡುತ್ತಿದ್ದಳು. ಸುರ್ಕುಂಬಾ ತಿನ್ನುವಾಗ ನಾನು ಮಾತನಾಡುತ್ತಿರಲಿಲ್ಲ. ಇವರಿಗೆ ಅದು ಅಷ್ಟು ಇಷ್ಟ ಎಂದು ಹೆಂಡತಿ ಎಲ್ಲರಿಗೂ ಹೇಳುತ್ತಿದ್ದಳು.

ಹೋದ ವರ್ಷ ಬಂದಾಗ ಅವಳು ಡಬ್ಬಿ ಇಟ್ಟು ಕೂಡಲೇ ಏಳಲಿಲ್ಲ. ಕಂಪನಿಯವರು ಮತ್ತೆ ಬಂದಿದ್ದಾರೆ, ಈ ಸಲ ಪಶ್ಚಿಮದ ಹೊಲ ಕೇಳುತ್ತಿದ್ದಾರೆ, ಅದೂ ಹೋದರೆ ಒಲೆಗೆ ಹಾಕಲು ಒಂದು ಕಡ್ಡಿ ಉಳಿಯುವುದಿಲ್ಲ ಎಂದಳು. ಆಮೇಲೆ ಬಂದ ಕೆಲಸ ಹೇಳಿದಳು.

"ಈ ಸಲ ನಮ್ಮ ಕಡಿಂದ ನೀವು ನಿಂತು ಮಾತಾಡ್ರಿ ಅಣ್ಣಾ. ಕರೆಂಟಿನ ಮಾತು ನಮಗ ತಿಳಿಯಂಗಿಲ್ಲ. ಹೋದ ಸಲಾನೂ ಕೇಳ್ತಿದ್ವಿ, ನಾಟಿಗಿ ಹೋಗಿಬಿಟ್ಟಿದ್ವಿ. ನಮ್ಮ ನಸೀಬು."

ಆ ನಸೀಬು ಎಂಬ ಮಾತನ್ನು ನನ್ನಿಂದ ತಡೆದುಕೊಳ್ಳಲು ಆಗಲಿಲ್ಲ. ಅದಕ್ಕಿಂತ ಹೆಚ್ಚಿನ ಧೈರ್ಯವೇನೂ ನನಗೆ ಬಂದಿರಲಿಲ್ಲ.

"ನಸೀಬಲ್ಲ ತಂಗಿ, ನಾನು ಕಳಿಸಿದ್ದು."

"ಹೌದಲ್ರೀ. ಕೆಲಸ ಕೊಡಿಸಿದವ್ರು ನೀವೇ ಅಲಾ."

ಅವಳಿಗೆ ಅರ್ಥವಾಗಲಿಲ್ಲ. ಆದ್ದರಿಂದ ಎಲ್ಲವನ್ನೂ ಬಿಡಿಸಿ ಹೇಳಬೇಕಾಯಿತು. ದಿನ ನಾನು ಆರಿಸಿದ್ದು, ದೇಶನೂರಿಗೆ ಮೊದಲು ಫೋನು ಮಾಡಿದ್ದು ನಾನು, ನಿಮಗೆ ಕೆಲಸ ಸಿಗಲಿ ಎಂದಲ್ಲ, ನೀವು ಊರಲ್ಲಿ ಇರಬಾರದು ಎಂದು. ಹೇಳುವಾಗ ಅಡಿಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಹೆಂಡತಿ ಕೇಳಿಸಿಕೊಳ್ಳುತ್ತಿದ್ದಳು.

ಮೇಸ್ತ್ರಿ ಸೆರಗಿನ ಅಂಚು ಮಡಚುತ್ತ ಕೂತಳು. ಬೈಯುತ್ತಾಳೆ ಎಂದುಕೊಂಡಿದ್ದೆ.

"ದೇಶನೂರು ಯಜಮಾನ್ರಿಗಿ ಗೊತ್ತಿತ್ತೇನು?"

"ಇಲ್ಲ. ಅವರಿಗಿ ಆಳು ಬೇಕಾಗಿತ್ತು, ಅಷ್ಟ."

"ಅಂದ್ರ ನಿಮಗಷ್ಟೇ ಗೊತ್ತಿತ್ತು." ಆಮೇಲೆ ಹೇಳಿದಳು: "ನಮ್ಮ ಗುಂಪಿನ ಹೆಣ್ಮಕ್ಕಳು ಇವತ್ತಿಗೂ ನನಗ ಅಂತಾರ. ಸಭಾದಾಗ ನಾವು ಕುಂದ್ರಬೇಕಾಗಿತ್ತು, ನೀನು ಕಮಿಷನ್ ಆಸಿಗಿ ಟೆಂಪೋ ಹತ್ತಿಸಿದಿ ಅಂತ. ಕಡ್ಡಿಗೆ ಜಗಳ ಆದಾಗೆಲ್ಲಾ ಅಂತಾರ. ನಾನೂ ಹೌದೇನೋ ಅನಕೊಂಡು ಸುಮ್ಮನಾಗ್ತಿದ್ದೆ."

ಇದು ನನಗೆ ಗೊತ್ತಿರಲಿಲ್ಲ. ನಾನು ಮಾಡಿದ್ದಕ್ಕೆ ಅವಳು ಇಷ್ಟು ವರ್ಷ ಮಾತು ಕೇಳಿದ್ದಳು. ಕೇಳಿಕೊಂಡೇ ನನಗೆ ಸುರ್ಕುಂಬಾ ತಂದುಕೊಟ್ಟಿದ್ದಳು. ತಪ್ಪಾಯಿತು ತಂಗಿ ಎಂದೆ. ಆ ಮಾತಿಗೆ ತೂಕವೇ ಇರಲಿಲ್ಲ.

"ನನಗ ಒಬ್ಬಾಕಿಗಿ ಹೇಳಿದ್ರ ಏನು ಬಂತು," ಎಂದು ಎದ್ದಳು. "ಸಭಾ ಅಮಾಸಿಗಿ ಇಡಸ್ತೀವಿ. ನೀವು ಬಂದು ಅವರ ಮುಂದ ಹೇಳ್ರಿ."

ಡಬ್ಬಿ ಬಿಟ್ಟು ಹೋದಳು. ಹೆಂಡತಿ ಹೊರಗೆ ಬಂದು ನನ್ನನ್ನು ನೋಡಿ, ಡಬ್ಬಿ ಎತ್ತಿಕೊಂಡು ಒಳಗೆ ಹೋದಳು. ಸಂಜೆಗೆ ಸುರ್ಕುಂಬಾವನ್ನು ಮೊಮ್ಮಕ್ಕಳಿಗೆ ಬಡಿಸಿದಳು. ನನ್ನ ತಾಟು ಹಾಕಲಿಲ್ಲ.

ಅವರು ಸಭೆಯನ್ನು ನಿಜವಾಗಿಯೂ ಅಮಾವಾಸ್ಯೆಗೇ ಇಡಿಸಿದರು. ಹೊಲದವರು ಬೇಡವೆಂದರಂತೆ. ಹಾಗಾದರೆ ನಿಮ್ಮ ಮೆಣಸಿನಕಾಯಿ ಬಿಡಿಸಲು ಈ ಸಲ ಬೇರೆ ಊರಿನಿಂದ ಆಳು ತನ್ನಿ ಎಂದು ಮೇಸ್ತ್ರಿ ಹೇಳಿದ ಮೇಲೆ ಒಪ್ಪಿದರಂತೆ. ನಾನು ಬೆಳಗಿನ ಬಸ್ಸಿಗೆ ಹೋದೆ. ಮೊಣಕಾಲು ನೋವು ಎಂದು ಹೇಳಿ ತಪ್ಪಿಸಿಕೊಳ್ಳಬಹುದಾಗಿತ್ತು, ನೋವೂ ಇತ್ತು. ಕುರುಗೋಡಿನ ಬಸ್ ಸ್ಟ್ಯಾಂಡಿನಲ್ಲಿ ಇಳಿದು, ವಾಪಸ್ ಹೋಗುವ ಬಸ್ಸಿನ ಬೋರ್ಡನ್ನೂ ನೋಡಿದೆ.

ಅದೇ ಶಾಲೆಯ ಜಗಲಿ. ಈ ಸಲ ಕೂಲಿಯ ಹೆಂಗಸರು ಮುಂದೆ ಕೂತಿದ್ದರು, ಹೊಲದವರು ಗೋಡೆಗೆ ಒರಗಿ ನಿಂತಿದ್ದರು. ಕಂಪನಿಯಿಂದ ಬೇರೆ ಯಾರೋ ಬಂದಿದ್ದರು. ನನ್ನನ್ನು ಕುರ್ಚಿಗೆ ಕರೆದರು. ಬೇಡವೆಂದು ನಿಂತೇ ಇದ್ದೆ. ನಾನು ಬಾಯಿ ತೆರೆಯುವ ಮೊದಲೇ ಮುಂದಿನ ಸಾಲಿನಿಂದ ಒಬ್ಬ ಮುದುಕಿ ಕೇಳಿದಳು:

"ಈ ಸಲ ನಾಟಿ ಎಲ್ಲಿ ಹಚ್ಚೀರೆಪ್ಪಾ ನಮಗ?"

ಎಲ್ಲರೂ ನಕ್ಕರು. ಹೇಳಬೇಕಾದ್ದು ಹೇಗೋ ಮೊದಲೇ ಸೋರಿತ್ತು. ಆದರೂ ಹೇಳಿದೆ. ಹೆಚ್ಚು ಮಾತು ಬೇಕಾಗಲಿಲ್ಲ. ಮೇಸ್ತ್ರಿಯದು ಏನೂ ತಪ್ಪಿಲ್ಲ, ಅವಳಿಗೂ ನಾನು ಮೋಸ ಮಾಡಿದೆ ಎಂದು ಕೊನೆಗೆ ಹೇಳಿದಾಗ ನಗು ನಿಂತಿತ್ತು. ಗೋಡೆಯ ಕಡೆಯಿಂದ ಯಾರೋ, ಪ್ಯಾಟಿ ಸೇರಿ ಮುದುಕಗ ಅರಳು ಮರಳು ಆಗೈತಿ ಎಂದರು. ನನ್ನ ಹೊಲದ ಗುತ್ತಿಗೆಯ ಹಣ ನಾನು ತಿನ್ನುತ್ತಿದ್ದೇನೆ, ಅವರು ತಿನ್ನುವುದಕ್ಕೆ ಅಡ್ಡ ಬಂದೆ ಎಂಬುದು ಅವರ ಸಿಟ್ಟು. ಆ ಹಣ ಇನ್ನೂ ನನ್ನ ಮನೆಗೆ ಬರುತ್ತಿದೆ.

ಆಮೇಲೆ ಮೇಸ್ತ್ರಿ ಎದ್ದು ನಿಂತಳು. ನನ್ನ ಕಡೆ ನೋಡಲಿಲ್ಲ. ಕರೆಂಟು ಬೇಡವೆಂದು ತಾವು ಹೇಳುವುದಿಲ್ಲ, ಆದರೆ ಹಳ್ಳಕ್ಕೆ ಉಳಿದಿರುವ ಪಶ್ಚಿಮದ ದಾರಿಯನ್ನೂ ಅದರ ಪಕ್ಕದ ಹೊಲಗಳನ್ನೂ ಬೇಲಿಯ ಹೊರಗೆ ಬಿಡಬೇಕು, ಬೇಲಿಯ ಒಳಗಿನ ಕೆಲಸಕ್ಕೆ ಊರಿನವರನ್ನು ಕರೆಯಬೇಕು, ಒಲೆಗೆ ಏನು ದಾರಿ ಎಂದು ಹೇಳುವ ತನಕ ಒಂದು ಕಂಬವನ್ನೂ ನೆಡಬಾರದು ಎಂದಳು. ಕರೆಂಟಿನ ಮಾತು ತನಗೆ ತಿಳಿಯುವುದಿಲ್ಲ ಎಂದು ನನಗೆ ಹೇಳಿದವಳು ಅವಳೇ. ತಕರಾರು ಇದೆಯಾ ಎಂದು ಈ ಸಲ ಕೇಳುವ ಅಗತ್ಯ ಬೀಳಲಿಲ್ಲ. ಮೇಲಿನವರನ್ನು ಕೇಳಿ ಹೇಳುತ್ತೇವೆ ಎಂದು ಕಂಪನಿಯವರು ಎದ್ದರು.

ಮೇಲಿನವರು ಇನ್ನೂ ಏನೂ ಹೇಳಿಲ್ಲ. ಬೇಲಿಯೂ ಬಂದಿಲ್ಲ. ಪಶ್ಚಿಮದ ಹೊಲಗಳಲ್ಲಿ ಈ ವರ್ಷವೂ ಹತ್ತಿ ಬಿತ್ತಿದ್ದರು. ಕಡ್ಡಿ ಕಿತ್ತಾಯಿತು ಎಂದು ಊರಿನಿಂದ ಬಂದವರು ಹೇಳಿದರು. ಜಗಳ ಇದ್ದೇ ಇತ್ತಂತೆ. ಆದರೆ ಮೇಸ್ತ್ರಿಗೆ ಈಗ ಯಾರೂ ಆ ಕಮಿಷನ್ನಿನ ಮಾತು ಅನ್ನುವುದಿಲ್ಲವಂತೆ.

ರಂಜಾನು ಬಂದು ಹೋಯಿತು. ಅವಳು ಬರಲಿಲ್ಲ. ಹೋದ ವರ್ಷದ ಡಬ್ಬಿ ನಮ್ಮ ಅಡಿಗೆಮನೆಯ ಕಪಾಟಿನಲ್ಲೇ ಇದೆ. ಹೋಳಿಗೆ ಮಾಡಿ ಹಾಕಿಕೊಡಲಾ, ಊರಿಗೆ ಹೋಗುವವರ ಕೈಯಲ್ಲಿ ಕಳಿಸೋಣ ಎಂದು ಹೆಂಡತಿ ಹೋದ ತಿಂಗಳು ಕೇಳಿದಳು. ಬೇರೆಯವರ ಕೈಯಲ್ಲಿ ಬೇಡ, ಅಮಾವಾಸ್ಯೆಗೆ ನಾನೇ ಒಯ್ಯುತ್ತೇನೆ ಎಂದೆ. ಹೂಂ ಎಂದು ಡಬ್ಬಿಯನ್ನು ಒರೆಸಿ ಅಲ್ಲೇ ಇಟ್ಟಳು. ಆ ಅಮಾವಾಸ್ಯೆಯೂ ಕಳೆಯಿತು. ಮೊಣಕಾಲು ನೋಯುತ್ತದೆ.