ಒಂದು ಮೊರ ತೌಡು

ಮಕ್ಕಳಿಗೊಂದು ಪತ್ತೇದಾರಿ ಕಾದಂಬರಿ ಬರೆದುಕೊಡಿ ಎಂದು ಯಾರಾದರೂ ಕೇಳಿದರೆ ಆಗುವುದಿಲ್ಲ ಎಂದುಬಿಡುತ್ತೇನೆ. ಐವತ್ತರ ದಶಕದಲ್ಲಿ, ಹತ್ತು ವರ್ಷದವನಿದ್ದಾಗ, ಒಂಟಿಕೊಪ್ಪಲಿನ ನಮ್ಮ ಮನೆಯ ಜಗಲಿಯ ಮೇಲೆ ಕೂತು ಅಂಥವನ್ನು ಓದಿದ್ದೇ ಓದಿದ್ದು. ಎಲ್ಲದರಲ್ಲೂ ಒಂದೇ ಸುಳ್ಳು. ಬಡವರ ಮನೆಯಲ್ಲಿ ಬೆಳೆದ ಹುಡುಗ, ಅವನ ಮೈಮೇಲೊಂದು ಗುರುತು, ಕೊನೆಯ ಪುಟದಲ್ಲಿ ಮೋಟಾರಿನಿಂದ ಇಳಿದು ಬರುವ ರೇಷ್ಮೆ ಸೀರೆಯ ಹೆತ್ತತಾಯಿ. ಹರಕು ಸೀರೆಯ ಹೆತ್ತತಾಯಿ ಒಂದು ಪುಸ್ತಕದಲ್ಲೂ ಇರಲಿಲ್ಲ.

ಗುರುತು ನನಗೂ ಇತ್ತು. ಮೂಗಿನ ಬಲ ಹೊಳ್ಳೆಯಲ್ಲಿ ಮುಚ್ಚಿಹೋದ ಒಂದು ತೂತು. ಗಂಡುಹುಡುಗನಿಗೆ ಮೂಗು ಚುಚ್ಚಿದ್ದೇಕೆ ಎಂದು ಕೇಳಿದರೆ ಅಮ್ಮ ಮಾತು ಹಾರಿಸುತ್ತಿದ್ದಳು. ಒಂದು ದಿನ ನನ್ನ ಯಾವುದೋ ಕಿತಾಪತಿಗೆ ಅಜ್ಜಿ ರೇಗಿ, "ಒಂದು ಮೊರ ತೌಡು ಕೊಟ್ಟು ಕೊಂಡ್ಕೊಂಡಿದ್ದು, ಇನ್ನೆಂಗಿದ್ದೀತು!" ಎಂದಳು.

ನನ್ನೊಳಗಿನ ಪತ್ತೇದಾರ ಎದ್ದು ಕೂತ. "ಯಾರ ಹತ್ರ ಕೊಂಡ್ಕೊಂಡ್ರಿ?" ಎಂದು ಕೇಳಿ, ಯಾವುದಾದರೂ ಬಂಗಲೆಯ ಹೆಸರು ಬರುತ್ತದೆಂದು ಕಾದೆ. ಅಜ್ಜಿ ಅಕ್ಕಿಯ ಕಲ್ಲು ಆರಿಸುತ್ತಲೇ, "ಹಾಲಿನೋಳ ಹತ್ರ ಕಣೋ, ಇನ್ಯಾರ ಹತ್ರ" ಎಂದಳು.

ಹಾಲಿನವಳು! ಬೀದಿಯ ಕೊನೆಯಲ್ಲಿ ಎರಡು ಹಸು ಕಟ್ಟಿಕೊಂಡು ಮನೆಮನೆಗೆ ಹಾಲು ಹಾಕುತ್ತಿದ್ದವಳು. ಉಗುರಿನ ಸಂದಿಯಲ್ಲಿ ಸಗಣಿ, ಹೊಗೆಸೊಪ್ಪಿನಿಂದ ಕಪ್ಪಾದ ಹಲ್ಲು, ಮೈಯೆಲ್ಲ ಗಂಜಲದ ವಾಸನೆ. ನಾನು ಅವಳ ಮಗನೇ? ಹಿತ್ತಲಿಗೆ ಓಡಿ ವಾಂತಿ ಮಾಡಿಕೊಂಡೆ. ನನ್ನ ಕೈಯನ್ನೇ ಮೂಸಿ ನೋಡಿಕೊಂಡೆ.

ಮರುದಿನ ಬೆಳಿಗ್ಗೆ ಹಾಲು ತಂದವಳು ಎಂದಿನಂತೆ ನನ್ನ ಕೆನ್ನೆ ಸವರಲು ಕೈ ಚಾಚಿದಳು. "ಮುಟ್ಟಬೇಡ! ನೀನು ನಮ್ಮಮ್ಮ ಅಲ್ಲ! ಗಬ್ಬು ನಾತ!" ಎಂದು ಬೀದಿಗೆಲ್ಲ ಕೇಳುವಂತೆ ಕಿರುಚಿದೆ.

ಅಮ್ಮ ಒಳಗಿನಿಂದ ಓಡಿಬಂದು ಕೆನ್ನೆಗೆ ಬಾರಿಸಿದಳು. ಆಮೇಲೆ ಅಳುತ್ತಲೇ ಹೇಳಿದಳು. ನನಗಿಂತ ಮೊದಲು ಹುಟ್ಟಿದ ಇಬ್ಬರು ಗಂಡುಮಕ್ಕಳು ಉಳಿಯಲಿಲ್ಲವಂತೆ. ನಾನು ಹುಟ್ಟಿದಾಗ ಯಮನ ಕಣ್ಣು ತಪ್ಪಿಸಲು, ನಮ್ಮವರಲ್ಲಿ ಮಾಡುವ ಹಾಗೆ, ನನ್ನನ್ನು ಮೊರದಲ್ಲಿ ಮಲಗಿಸಿ ಹಾಲಿನವಳ ತಿಪ್ಪೆಯ ಮೇಲೆ ಇಟ್ಟರಂತೆ. ಬೇಡದ ಕೂಸಿನಂತೆ ಕಾಣಲಿ ಎಂದು. ಅವಳು ತನ್ನ ಮಗುವೆಂದು ಎತ್ತಿಕೊಂಡು, ಅದರ ಗುರುತಿಗೆ ಮೂಗು ಚುಚ್ಚಿಸಿದಳು. ಅಮ್ಮ ಒಂದು ಮೊರ ತೌಡು ಕೊಟ್ಟು ಕೊಂಡು ತಂದಳು. ಹೆತ್ತವಳು ಅಮ್ಮನೇ.

ನನಗೆ ಹೋದ ಜೀವ ಬಂತು. ನಾಚಿಕೆ ಬರಲಿಲ್ಲ. ಇವತ್ತು ನನ್ನ ಮೇಲೆ ನನಗೆ ಹೇಸಿಗೆ ಹುಟ್ಟಿಸುವುದು ಅದೇ.

"ಹೊಡೀಬ್ಯಾಡಿ ಅವ್ವಾರೇ, ಬುಡಿ" ಎಂದಳು ಹಾಲಿನವಳು. "ಮಕ್ಕಳಿಲ್ದ ನಂಗೆ ಒಂದು ಗಳಿಗೆ ಮಗ ಆಗಿದ್ದ. ಆವತ್ತು ತೌಡು ಈಸ್ಕಳಕ್ಕೆ ಕೈಯೇ ಬರ್ನಿಲ್ಲ ಕಣವ್ವ." ಚಾಚಿದ್ದ ಕೈಯನ್ನು ಸೆರಗಿಗೆ ಒರೆಸಿಕೊಂಡಳು.

ಮಾರನೆಯ ದಿನದಿಂದ ಅವಳು ನಮ್ಮ ಜಗಲಿ ಹತ್ತಲಿಲ್ಲ. ಗೇಟಿನಾಚೆಯೇ ನಿಂತು, ಸಾಹುಕಾರರ ಮಕ್ಕಳನ್ನು ಕರೆಯುವಂತೆ, ತಲೆ ತಗ್ಗಿಸಿ ಕೂಗುತ್ತಿದ್ದಳು: "ಬುದ್ಧೀ, ಪಾತ್ರೆ ತನ್ನಿ."