ನನ್ನ ಭಾರ ಹಿಡಿದವರು

ಅವರ ಎರಡೂ ಅಂಗೈಗಳಲ್ಲಿ ಅಡ್ಡಕ್ಕೆ ಒಂದೊಂದು ಗಟ್ಟಿ ಗೆರೆಯಿತ್ತು, ಹಗ್ಗ ಮಾಡಿದ ಗೆರೆ. ಬಿಸಿ ಚಾದ ಗ್ಲಾಸನ್ನು ಅದರ ಮೇಲೇ ಇಟ್ಟುಕೊಂಡು ಕುಡಿಯುತ್ತಿದ್ದರು. ಸುಡುತ್ತಿರಲಿಲ್ಲ.

ನಾನು ಐದನೇ ಕ್ಲಾಸಿಗೆ ಶಾಲೆ ಬಿಟ್ಟವ. ಬಾವಿಗಿಳಿದು ಕೆಸರು ತೆಗೆಯುವುದು ನನ್ನ ಕೆಲಸ. ಬಂಟ್ವಾಳದಿಂದ ಮೂಡುಬಿದಿರೆಯವರೆಗೆ ನಾನು ಇಳಿಯದ ಬಾವಿ ಕಡಿಮೆ. ಹಾಗೆ ಹೇಳಿಕೊಳ್ಳಲು ನನಗೆ ನಾಚಿಕೆಯೂ ಇಲ್ಲ. ಇಪ್ಪತ್ತು ವರ್ಷ ಮೇಲೆ ನಿಂತು ನನ್ನ ಹಗ್ಗ ಹಿಡಿದವರು ಈ ಅಣ್ಣ. ಸಂಬಂಧಿಕರಲ್ಲ, ವಯಸ್ಸಿನಲ್ಲಿ ದೊಡ್ಡವರು.

ಹತ್ತಿರದ ತೆಂಗಿನ ಮರಕ್ಕೆ ಹಗ್ಗವನ್ನು ಒಂದು ಸುತ್ತು ಹಾಕಿ, ಸ್ವಲ್ಪ ಸ್ವಲ್ಪವೇ ಬಿಡುತ್ತಾ ನನ್ನನ್ನು ಇಳಿಸುತ್ತಿದ್ದರು. ಕಟ್ಟೆಯಿಂದ ನನ್ನ ಕಾಲು ಬಿಟ್ಟ ಕೂಡಲೇ ರಾಟೆಯಡಿ ಒಂದು ಗಳಿಗೆ ಹಾಗೇ ನಿಲ್ಲಿಸುವುದು ಅವರ ಕ್ರಮ. ನನ್ನ ಭಾರ ನೋಡಿ ಕೈಗೆ ಸಮಾಧಾನವಾದರೆ ಮಾತ್ರ “ಹೂಂ, ಹೋಗುವ” ಎನ್ನುತ್ತಿದ್ದರು.

ಮೂರು ವರ್ಷದ ಹಿಂದೆ ನನ್ನ ಭಾರ ಹೆಚ್ಚಿ, ಮರದ ಒಂದು ಸುತ್ತು ಎರಡಾಯಿತು. “ಹೊಟ್ಟೆ ಇಳಿಸು. ಇಲ್ಲದಿದ್ರೆ ಇನ್ನು ನೀನು ಇಳಿಯುದು ಬೇಡ” ಎಂದರು. ಬಾವಿಗೆ ಇಳಿಯದಿದ್ದರೆ ನಾನು ಯಾರು?

ಮಗಳು ಮೊಬೈಲು ನೋಡಿ ಹೇಳಿದಳು, ಆದಿಮಾನವರ ಹಾಗೆ ತಿನ್ನಬೇಕಂತೆ. ಮೀನು, ಮಾಂಸ, ಮೊಟ್ಟೆ, ಗೆಡ್ಡೆ, ಸೊಪ್ಪು. ಅನ್ನ, ಚಪಾತಿ, ಸಕ್ಕರೆ ಇಲ್ಲ. ಅಂದೇ ಅನ್ನ ಬಿಟ್ಟೆ. ಒಂದು ತಿಂಗಳು ಒಂದು ಅಗುಳೂ ಮುಟ್ಟಲಿಲ್ಲ. ಅದನ್ನು ಎಲ್ಲರಿಗೂ ಹೇಳಿಕೊಂಡು ತಿರುಗಿದೆ.

ಆಮೇಲೆ ಕಕ್ಕಿಂಜೆಯಲ್ಲಿ ಒಂದು ಆಳದ ಬಾವಿ ಸಿಕ್ಕಿತು. ಅಣ್ಣ ನನ್ನನ್ನು ರಾಟೆಯಡಿ ನಿಲ್ಲಿಸಿದರು. ಮತ್ತೆ ಕಟ್ಟೆಗೆ ಎಳೆದುಕೊಂಡರು.

“ಎಂತ ಮಾರಾಯ, ಆದಿಮಾನವ ಆಗಿದ್ದೇನೆ ಹೇಳ್ತಿ. ಹಗ್ಗ ಬೇರೆಯೇ ಹೇಳ್ತದೆ.”

“ಅನ್ನ ಮುಟ್ಟಲಿಲ್ಲ ಅಣ್ಣ, ದೇವರಾಣೆ.”

“ಬೆಳಿಗ್ಗೆ ಎಂತ ತಿಂದದ್ದು?”

“ನೀರುದೋಸೆ. ನಿನ್ನೆ ಕೋರಿರೊಟ್ಟಿ.”

“ರೊಟ್ಟಿ ಎಂತದ್ರಲ್ಲಿ ಮಾಡುದು? ಅದೂ ಅಕ್ಕಿಯೇ ಅಲ್ವಾ?”

ಆ ಬಾವಿಯ ಮನೆಯವರೆಲ್ಲ ನಕ್ಕರು. ನಮ್ಮಲ್ಲಿ ಉಪವಾಸದ ದಿನ ಅನ್ನ ಬಿಟ್ಟು ಎಂಟು ದೋಸೆ ತಿನ್ನುವವರಿದ್ದಾರೆ. ಅದನ್ನು ಯಾರೂ ತಪ್ಪು ಎನ್ನುವುದಿಲ್ಲ. ನಾನೂ ಆ ಲೆಕ್ಕದಲ್ಲೇ ಇದ್ದೆ.

“ಇವತ್ತು ನಿನ್ನ ಹಗ್ಗ ನಾನು ಹಿಡಿಯುದಿಲ್ಲ” ಎಂದರು. ಅವರ ಅಳಿಯ ನನ್ನ ಬದಲು ಇಳಿದ. ನಾನು ಕಟ್ಟೆಯ ಮೇಲೆ ಕುಳಿತು ಕೆಸರಿನ ಬಕೆಟ್ ಎಳೆದೆ. ಸಿಟ್ಟಿನಲ್ಲಿ ಹತ್ತು ದಿನ ಅವರೊಡನೆ ಮಾತಾಡಲಿಲ್ಲ.

ಹನ್ನೊಂದನೇ ದಿನ ಪುಂಜಾಲಕಟ್ಟೆಯ ನನ್ನ ಮನೆಗೆ ಅವರೇ ಬಂದರು. ಕೈಯಲ್ಲಿ ಅವರ ಹಿತ್ತಿಲ ಸುವರ್ಣಗೆಡ್ಡೆ. “ಗ್ರೈಂಡರಿಗೆ ಹೋದದ್ದೆಲ್ಲ ಬಿಡು. ಆದಿಮಾನವನ ಹೆಂಡತಿ ಹತ್ರ ಗ್ರೈಂಡರ್ ಇತ್ತಾ?” ಎಂದರು. ನನ್ನ ಹೆಂಡತಿ ಒಳಗೆ ನಕ್ಕದ್ದು ಕೇಳಿಸಿತು. ನನಗೂ ನಗು ತಡೆಯಲಿಲ್ಲ.

ಅಲ್ಲಿಂದ ಮತ್ತೆ ಕೆಲಸದ ಮನೆಗಳಲ್ಲಿ ದೋಸೆ ಕೊಟ್ಟರೆ ನನ್ನ ಹಾಗೆ ಅವರೂ ಮುಟ್ಟುತ್ತಿರಲಿಲ್ಲ. ಮರದ ಬುಡದಲ್ಲಿ ಕುಳಿತು ನನ್ನ ಬುತ್ತಿಯ ಬೇಯಿಸಿದ ಗೆಡ್ಡೆ, ಸುಟ್ಟ ಬಂಗುಡೆ ಮೀನಿನಲ್ಲಿ ಪಾಲು ತೆಗೆದುಕೊಳ್ಳುತ್ತಿದ್ದರು. ಇಳಿಸಬೇಕಾದ ಹೊಟ್ಟೆ ಅವರಿಗೆ ಇರಲೇ ಇಲ್ಲ. ದೋಸೆಯೆಂದರೆ ಅವರಿಗೆ ಪ್ರಾಣ.

ಕಳೆದ ಬೇಸಿಗೆಯಲ್ಲಿ ಅವರಿಗೆ ಹಗ್ಗ ಹಿಡಿಯುವ ಶಕ್ತಿ ಇರಲಿಲ್ಲ. ಬೆಳ್ತಂಗಡಿಯ ಒಂದು ಮನೆಯಲ್ಲಿ ಕುರ್ಚಿ ಹಾಕಿಸಿಕೊಂಡು ಕುಳಿತಿದ್ದರು. ಅಳಿಯ ಮರಕ್ಕೆ ಎರಡು ಸುತ್ತು ಹಾಕಿ ನನ್ನನ್ನು ರಾಟೆಯಡಿ ನಿಲ್ಲಿಸಿದ. ಅಣ್ಣ ಎದ್ದು ಬಂದು ಬಿಗಿದ ಹಗ್ಗದ ಮೇಲೆ ಅಂಗೈ ಇಟ್ಟರು.

“ಅವನನ್ನು ಕಟ್ಟೆಗೆ ತಾ. ಒಂದು ಸುತ್ತು ಸಾಕು.”

ಮಳೆಗಾಲ ಮುಗಿಯುವ ಮೊದಲೇ ಅಣ್ಣ ತೀರಿಹೋದರು. ಈಗ ಅಳಿಯ ಹಿಡಿಯುತ್ತಾನೆ, ಒಂದೇ ಸುತ್ತು. ಆದರೆ ಮೊದಮೊದಲು ನಿಲ್ಲಿಸದೆ, ಮಾತಿಲ್ಲದೆ ಇಳಿಸಿಬಿಡುತ್ತಿದ್ದ. ನನಗೆ ಕಟ್ಟೆಯಿಂದ ಕಾಲು ಬಿಡಲು ಮನಸ್ಸಾಗುತ್ತಿರಲಿಲ್ಲ. ರಾಟೆಯಡಿ ಒಂದು ಗಳಿಗೆ ನಿಲ್ಲಿಸಿ “ಹೂಂ, ಹೋಗುವ” ಎನ್ನಲು ಅವನಿಗೆ ಕಲಿಸಿದ್ದೇನೆ.