ಕಾರಿನ ಕೆಳಗೆ ಬೀಳುವ ನೀರು

ಮೊನ್ನೆ ಮಧ್ಯಾಹ್ನ ಮನೆ ಮುಂದೆ ಬಿಸಿಲಲ್ಲಿ ನಿಂತಿದ್ದ ಕಾರಿನ ಬಾಗಿಲು ತೆಗೆದೆ. ಕಾದ ರೆಕ್ಸಿನ್ ವಾಸನೆ ಮುಖಕ್ಕೆ ಬಡಿಯಿತು. ಜೊತೆಗೆ ಯಾವತ್ತೋ ಸೀಟಿನ ಸಂದಿಗೆ ಬಿದ್ದ ಬಿಸ್ಕತ್ತಿನ ಸಿಹಿ ವಾಸನೆ. ಉಳಿದವರಿಗೆ ಅದು ಬರೀ ಕಾರಿನ ವಾಸನೆ. ನನಗೆ ಮಾತ್ರ ಇವತ್ತಿಗೂ ಕೈಕಾಲು ತಣ್ಣಗಾಗುತ್ತದೆ. ಮಗಳು ಈಗ ಕಾಲೇಜಿಗೆ ಹೋಗುತ್ತಾಳೆ, ನನಗಿಂತ ಎತ್ತರ ಬೆಳೆದಿದ್ದಾಳೆ. ಆದರೂ ಆ ವಾಸನೆ ಬಂತೆಂದರೆ ನನ್ನ ಕಣ್ಣು ಹಿಂದಿನ ಸೀಟಿನಲ್ಲಿ ಅವಳನ್ನು ಹುಡುಕುತ್ತದೆ... ಆಮೇಲೆ ಎದುರುಮನೆ ಅಂಕಲ್ ನೆನಪಾಗುತ್ತಾರೆ.

ನಾವು ಆರ್‌ಪಿಸಿ ಲೇಔಟಿಗೆ ಬಂದ ಹೊಸದರಲ್ಲಿ ಅವರು ಕುವೈತ್ ಬಿಟ್ಟು ಬಂದು ವರ್ಷವೋ ಎರಡು ವರ್ಷವೋ ಆಗಿತ್ತು. ಅಲ್ಲಿ ಯಾರದೋ ದೊಡ್ಡ ಮನೆಯಲ್ಲಿ ಡ್ರೈವರ್ ಆಗಿದ್ದರಂತೆ. ಬೀದಿಯವರು ಬೆನ್ನ ಹಿಂದೆ ಅವರನ್ನು ಕುವೈತ್ ಅಂಕಲ್ ಎನ್ನುತ್ತಿದ್ದರು. ಹೊಂಗೆ ಮರದ ನೆರಳಲ್ಲಿ ನಿಲ್ಲಿಸಿದ ಕಾರಿನ ಸ್ಟೇರಿಂಗಿಗೂ ಒದ್ದೆ ಟವೆಲ್ ಹೊದಿಸುವ ಮನುಷ್ಯ. ಡಿಕ್ಕಿಯಲ್ಲಿ ಯಾವಾಗಲೂ ಕ್ಯಾನುಗಟ್ಟಲೆ ನೀರು. ಕೆಂಗೇರಿಗೆ ಹೋಗಿಬರುವುದಕ್ಕೂ, ದಾರಿಯಲ್ಲಿ ನರಪಿಳ್ಳೆಯೂ ಸಿಗುವುದಿಲ್ಲ ಎನ್ನುವ ಹಾಗೆ ತಯಾರಿ ನಡೆಸುತ್ತಿದ್ದರು. ಬಾಯಿ ಬೇರೆ ಜೋರು. ಬೆಂಗಳೂರಿನ ಬಿಸಿಲನ್ನು ಬಿಸಿಲೆಂದು ಒಪ್ಪುತ್ತಲೇ ಇರಲಿಲ್ಲ. "ಇದು ಅಲ್ಲಿನ ಬೆಳದಿಂಗಳು ಕಣಮ್ಮಾ" ಎನ್ನುತ್ತಿದ್ದರು, ಅದೇ ಬೆಳದಿಂಗಳಿಗೆ ಹೆದರಿ ಟವೆಲ್ ಹಿಂಡುತ್ತಾ. ಕಡ್ಡಿಯನ್ನು ಗುಡ್ಡ ಮಾಡುವ ಮಹಾನುಭಾವ ಎಂದು ನಾವು ಮನೆಯೊಳಗೆ ನಗುತ್ತಿದ್ದೆವು.

ನಮ್ಮ ಮೊದಲ ಕಾರು ಸೆಕೆಂಡ್ ಹ್ಯಾಂಡ್. ಮಾರಲು ಬಂದವನು ನನ್ನ ಗಂಡನನ್ನು ಕೂರಿಸಿಕೊಂಡು ಜ್ಞಾನಭಾರತಿಯ ಕಡೆ ಒಂದು ಸುತ್ತು ಹೊಡೆಸಿ ಬಂದ. "ಪಿಕಪ್ ನೋಡಿದ್ರಲ್ಲ ಸಾರ್? ಪರ್ಫಾರ್ಮೆನ್ಸ್ ಸೂಪರ್" ಎಂದ. ಅಂಕಲ್ ಕರೆಯದಿದ್ದರೂ ಗೇಟು ದಾಟಿ ಬಂದರು.

"ಬಿಸಿಲಲ್ಲಿ ಎಸಿ ಹಾಕಿ ಅರ್ಧ ಗಂಟೆ ಸುಮ್ನೆ ನಿಲ್ಸಪ್ಪಾ, ನೋಡೋಣ."

"ಓಡೋ ಗಾಡೀನ ನಿಲ್ಸಿ ಏನ್ ನೋಡ್ತೀರಾ ಅಂಕಲ್?"

"ಓಡೋವಾಗ ಎಲ್ಲಾ ಎಂಜಿನ್‌ಗೂ ಗಾಳಿ ಸಿಗುತ್ತಪ್ಪಾ. ನಿಂತಾಗ್ಲೇ ಬಂಡವಾಳ ಬಯಲಾಗೋದು."

ಎಸಿ ಕೆಲಸ ಮಾಡುತ್ತಿದ್ದರೆ ಕಾರಿನ ಕೆಳಗೆ ನೀರು ತೊಟ್ಟಿಕ್ಕಬೇಕಂತೆ. ಎಂಜಿನ್ ಕಾದುಹೋದರೆ ಮೊದಲು ಎಸಿ ಕೈಕೊಡುತ್ತದೆ, ಒಳಗೆ ಗಾಳಿ ಮಾತ್ರ ಬರುತ್ತಲೇ ಇರುತ್ತದೆ, ಬಿಸಿಗಾಳಿ. ಮರಳುಗಾಡಿನಲ್ಲಿ ಗಾಡಿ ಎಷ್ಟು ವೇಗ ಓಡುತ್ತದೆ ಎಂದು ಯಾರೂ ಕೇಳುವುದಿಲ್ಲ, ನಿಂತರೆ ಎಷ್ಟು ಹೊತ್ತು ತಡೆಯುತ್ತದೆ ಎಂದು ಕೇಳುತ್ತಾರೆ ಎಂದರು. ನನ್ನ ಗಂಡನಿಗೆ ಅಷ್ಟು ಹೊತ್ತು ಕಾಯುವ ತಾಳ್ಮೆ ಇರಲಿಲ್ಲ. ಕಾರು ನಮ್ಮದಾಯಿತು. ಅಂದಿನಿಂದ ನಾನು ಕಾರು ತೆಗೆದಾಗಲೆಲ್ಲ ಎದುರಿನ ಗೇಟಿನಿಂದ ಪ್ರಶ್ನೆ ಬರುತ್ತಿತ್ತು: "ನೀರು ಬೀಳ್ತಾ ಇದೆಯೇನಮ್ಮಾ?" ನಾನು ನೋಡದೆಯೇ "ಬೀಳ್ತಾ ಇದೆ ಅಂಕಲ್" ಎಂದು ಹೊರಟುಬಿಡುತ್ತಿದ್ದೆ.

ಅದು ಏಪ್ರಿಲ್ ತಿಂಗಳು. ಮಗಳಿಗೆ ಮೂರು ತುಂಬಿರಲಿಲ್ಲ. ವಿಜಯನಗರದ ಮಾರ್ಕೆಟ್ಟಿನಿಂದ ಬಂದು, ಅವಳಿಗೆ ಸೆಕೆ ಆಗದಿರಲಿ ಎಂದು ಎಂಜಿನ್ ಆರಿಸದೆ, ಗೇಟು ತೆಗೆಯಲು ಇಳಿದೆ. ಹಿಂದೆ ಟಕ್ ಎಂದು ಸದ್ದಾಯಿತು. ನನ್ನ ಸೀಟಿಗೆ ಹತ್ತಿ ಬಂದಿದ್ದ ಮಗಳು ಲಾಕ್ ಒತ್ತಿದ್ದಳು. ಕಾರಿನ ಬಾಗಿಲುಗಳೆಲ್ಲ ಲಾಕ್ ಆದವು. ಕೀ ಒಳಗೇ ಇತ್ತು.

ಮೊದಲು ಭಯವಾಗಲಿಲ್ಲ, ನಗು ಬಂತು. ಗಾಜಿನ ಆಚೆ ಅವಳೂ ನಕ್ಕಳು. ಲಾಕ್ ಎತ್ತು ಪುಟ್ಟಾ ಎಂದು ತೋರಿಸಿದೆ, ಅವಳು ಸ್ಟೇರಿಂಗ್ ತಿರುಗಿಸಿದಳು. ಇನ್ನೊಂದು ಕೀ ನನ್ನ ಗಂಡನ ಬ್ಯಾಗಿನಲ್ಲಿತ್ತು. ನನ್ನ ಫೋನೂ ಕಾರಿನೊಳಗೇ ಇತ್ತು, ಓಡಿಬಂದ ಮೂಲೆಮನೆ ಆಂಟಿ ಕೊಟ್ಟ ಫೋನಿನಿಂದ ಕರೆ ಮಾಡಿದೆ. ಎಲ್ಲರಿಗೂ ಕೇಳಿಸಲೆಂದು ಆಂಟಿ ಸ್ಪೀಕರ್ ಹಾಕಿದರು.

"ಎಸಿ ಓಡ್ತಾ ಇದೆ ತಾನೆ? ಮತ್ತೇನು ಅರ್ಜೆಂಟು? ಗಾಜು ಗೀಜು ಒಡೀಬೇಡ, ಮಾಗಡಿ ರೋಡಲ್ಲಿದೀನಿ, ಬಂದೆ."

ಮಗಳು ಅಳಲು ಶುರುಮಾಡಿದಳು. ಗಾಜಿಗೆ ಕೈ ಒತ್ತಿ, ಬಾಯಿ ತೆರೆದು ಅತ್ತಳು. ಆಂಟಿ ಬಾಳೆಹಣ್ಣು ತೋರಿಸಿ ಕುಣಿದರು. ಸ್ವಲ್ಪ ಹೊತ್ತಿಗೆ ಅಳು ನಿಂತಿತು. ಅವಳು ಹಿಂದಿನ ಸೀಟಿಗೆ ಹೋಗಿ ಒರಗಿಕೊಂಡಳು. "ಸದ್ಯ, ನಿದ್ದೆ ಬಂತು ಅನ್ಸುತ್ತೆ" ಎಂದು ಆಂಟಿ ಉಸಿರುಬಿಟ್ಟರು. ನಾನೂ ಬಿಟ್ಟೆ.

ಆಗ ಅಂಕಲ್ ಎಲ್ಲಿಂದಲೋ ಬಂದರು. ಏನಾಯಿತು, ಫೋನಿನಲ್ಲಿ ನನ್ನ ಗಂಡ ಏನೆಂದ ಎಂದು ಆಂಟಿ ಹೇಳಿ ಮುಗಿಸುವ ಮೊದಲೇ ರಸ್ತೆಯ ಮೇಲೆ ಮಂಡಿಯೂರಿ ಬಗ್ಗಿ ಕಾರಿನಡಿ ಕೈಯಾಡಿಸಿದರು. ಎದ್ದಾಗ ಅವರ ಮುಖದಲ್ಲಿ ರಕ್ತವೇ ಇರಲಿಲ್ಲ.

"ನೀರು ಬೀಳ್ತಿಲ್ಲ. ನೆಲ ಒಣಗಿದೆ!"

"ಗಾಳಿ ಸದ್ದು ಬರ್ತಾ ಇದೆಯಲ್ಲ ಅಂಕಲ್" ಎಂದೆ. ಹಾಗೆನ್ನುವಾಗಲೇ ಅವರು ಹಿಂದೆ ಹೇಳಿದ್ದು ನೆನಪಾಯಿತು. ಗಾಜಿನ ಮೇಲೆ ಕೈಯಿಟ್ಟೆ. ಸುಟ್ಟಿತು. ಒಳಗೆ ಮಗಳ ಕೂದಲು ಹಣೆಗೆ ಅಂಟಿತ್ತು, ಬಾಯಿ ಅರ್ಧ ತೆರೆದಿತ್ತು. ಹೆಸರು ಹಿಡಿದು ಕೂಗಿದೆ. ಅವಳು ಕಣ್ಣು ಬಿಡಲಿಲ್ಲ. ನನ್ನ ಜೀವಮಾನದಲ್ಲಿ ಅಂಥ ಭಯ ಅದಕ್ಕೆ ಮೊದಲೂ ಇಲ್ಲ, ಆಮೇಲೂ ಇಲ್ಲ.

"ಅಯ್ಯೋ ಇರ್ರೀ, ಅವರು ಬಂದೇಬಿಡ್ತಾರೆ" ಎಂದರು ಆಂಟಿ.

"ಮಗು ಅಳು ನಿಲ್ಸಿದ್ರೆ ಸಮಾಧಾನ ಪಡ್ತೀರಲ್ರೀ!" ಅಂಕಲ್ ಕಿರುಚಿದರು. ಅವರ ಧ್ವನಿ ಒಡೆದಿತ್ತು. ತಮ್ಮ ಕಾರಿನ ಚಕ್ರಕ್ಕೆ ಅಡ್ಡ ಇಡುತ್ತಿದ್ದ ಕಲ್ಲನ್ನು ತಂದು ಮುಂದಿನ ಕಿಟಕಿಗೆ ಹೊಡೆದರು. ಕಲ್ಲು ಜಾರಿ ಅವರ ಕಾಲ ಮೇಲೇ ಬಿತ್ತು. ಅಳುತ್ತಲೇ ಮತ್ತೆ ಎತ್ತಿ ಹೊಡೆದರು. ಗಾಜು ಉದುರಿತು. ಒಳಗಿನಿಂದ ಬಂದ ಗಾಳಿ ಒಲೆಯ ಬಾಯಿಂದ ಬಂದ ಹಾಗಿತ್ತು, ರೆಕ್ಸಿನ್ ವಾಸನೆ, ಬಿಸ್ಕತ್ತಿನ ವಾಸನೆ...

ಅಂಕಲ್ ಒಡೆದ ಗಾಜಿನೊಳಗೆ ಕೈಹಾಕಿ ಲಾಕ್ ತೆಗೆದರು. ಎತ್ತಿಕೊಂಡಾಗ ಮಗಳ ತಲೆ ನನ್ನ ಹೆಗಲ ಮೇಲೆ ವಾಲಿತು. ಅಂಕಲ್ ತಮ್ಮ ಡಿಕ್ಕಿಯ ಕ್ಯಾನು ತಂದು ಅವಳ ಮೈಮೇಲೆ ಸುರಿದರು, ಸ್ಟೇರಿಂಗಿನ ಆ ಒದ್ದೆ ಟವೆಲನ್ನು ಕುತ್ತಿಗೆಗೆ ಸುತ್ತಿದರು. ಎಷ್ಟು ಹೊತ್ತಾಯಿತೋ ಕಾಣೆ. ಕಣ್ಣು ಬಿಟ್ಟು, "ಅಮ್ಮ, ಚಳಿ" ಎಂದಳು. ಅವರ ಕಾರಿನಲ್ಲೇ ಡಾಕ್ಟರ ಹತ್ತಿರ ಹೋದೆವು. ಡಾಕ್ಟರು ಎಲ್ಲ ನೋಡಿ, ಭಯವಿಲ್ಲ, ಆದರೆ ಇನ್ನು ಸ್ವಲ್ಪ ತಡವಾಗಿದ್ದರೆ... ಎಂದು ಅಷ್ಟಕ್ಕೇ ನಿಲ್ಲಿಸಿದರು.

ಸಂಜೆ ಅಂಕಲ್ ನಮ್ಮ ಮೆಟ್ಟಿಲ ಮೇಲೆ ಕೂತಿದ್ದರು. ಗಾಜು ಕೊಯ್ದ ಕೈಗೆ ಬಟ್ಟೆ ಸುತ್ತಿತ್ತು. ಕಾಫಿ ಲೋಟ ಕೆಳಗಿಟ್ಟು ತಾವಾಗಿಯೇ ಹೇಳಿದರು. ಕುವೈತಿನಲ್ಲಿ ಅವರ ರೂಮಿನಲ್ಲಿ ಮದ್ದೂರು ಕಡೆಯ ಒಬ್ಬ ಡ್ರೈವರ್ ಇದ್ದನಂತೆ. ಒಂದು ಮಧ್ಯಾಹ್ನ ಅವನ ಕಾರು ಮರಳಿನಲ್ಲಿ ಹೂತುಕೊಂಡಿತು.

"ಫೋನ್ ಮಾಡ್ದ ಕಣಮ್ಮಾ. ಎಸಿ ಓಡ್ತಾ ಇದೆ ಅಣ್ಣಾ, ಅರ್ಜೆಂಟಿಲ್ಲ, ನಿಧಾನಕ್ಕೆ ಬನ್ನಿ ಅಂದ. ನಿಮ್ಮ ಯಜಮಾನ್ರು ಅಂದ್ರಲ್ಲ, ಹಂಗೇ. ನಾನು ಊಟ ಮುಗಿಸ್ಕೊಂಡು ಹೊರಟೆ..."

ಇವರು ಹೋಗುವಷ್ಟರಲ್ಲಿ ಎಂಜಿನ್ ಕಾದು ನಿಂತುಹೋಗಿತ್ತು. ಅವನು ಕಾರು ಬಿಟ್ಟು ನಡೆದಿದ್ದ. ಸಿಕ್ಕಾಗ ಜೀವ ಇರಲಿಲ್ಲ. ಆ ಮಾತನ್ನು ಅವರು ಮತ್ತೆಂದೂ ಎತ್ತಲಿಲ್ಲ, ನಾನೂ ಕೇಳಲಿಲ್ಲ. ಆದರೆ ಅವರ ಭಯ ಅಂದೇ ನನಗೂ ಹತ್ತಿತು. ಬೀದಿ ಈಗ ನನ್ನನ್ನು ನೋಡಿಯೂ ನಗಬಹುದು, ನಗಲಿ. ಆಮೇಲೆ ಒಂದು ದಿನವೂ ನಾನು ಬಗ್ಗಿ ನೋಡದೆ "ಬೀಳ್ತಾ ಇದೆ" ಎನ್ನಲಿಲ್ಲ.

ಹೋದ ಬೇಸಿಗೆಯಲ್ಲಿ ಅಂಕಲ್ ತೀರಿಕೊಂಡರು, ಮಲಗಿದ್ದಲ್ಲೇ. ಮಗ ಊರಿನಿಂದ ಬರಬೇಕೆಂದು ಅವರನ್ನು ಮನೆ ಮುಂದೆ ಗಾಜಿನ ಐಸ್ ಬಾಕ್ಸಿನಲ್ಲಿ ಮಲಗಿಸಿದ್ದರು. ಶಾಮಿಯಾನದ ಸಂದಿಯಿಂದ ಬಿಸಿಲು ಗಾಜಿನ ಮೇಲೆ ಬೀಳುತ್ತಿತ್ತು. ನನಗೆ ಹಳೆಯ ಭಯ ಒತ್ತರಿಸಿ ಬಂತು. ಜನರೆದುರೇ ಮಂಡಿಯೂರಿ ಕೆಳಗೆ ಬಗ್ಗಿದೆ. ನಮಸ್ಕಾರ ಮಾಡುತ್ತಿದ್ದಾಳೆಂದು ಯಾರೋ ಜಾಗ ಬಿಟ್ಟರು. ಬಾಕ್ಸಿನ ಅಡಿಯಲ್ಲಿ ನೀರು ತೊಟ್ಟಿಕ್ಕುತ್ತಿತ್ತು. ಆಗ ಅಳು ಬಂತು.

ಮೊನ್ನೆಯೂ ಕಿಟಕಿಗಳನ್ನೆಲ್ಲ ಇಳಿಸಿ, ಎಂಜಿನ್ ಶುರುಮಾಡಿ, ಎಸಿ ಹಾಕಿ, ಇನ್ನೊಂದು ಕೀಯನ್ನು ಕೈಯಲ್ಲೇ ಹಿಡಿದು ಕೆಳಗಿಳಿದೆ. ಬಗ್ಗಿ ಕಾದೆ. ಒಂದು ಹನಿ ಬಿತ್ತು, ಆಮೇಲೆ ಇನ್ನೊಂದು.

"ಬೀಳ್ತಾ ಇದೆ ಅಂಕಲ್" ಎಂದೆ, ಎದುರು ಗೇಟಿಗೆ ಕೇಳಿಸುವಷ್ಟು ಜೋರಾಗಿ.

ಅಲ್ಲಿ ಹೊಸದಾಗಿ ಬಾಡಿಗೆಗೆ ಬಂದ ಹುಡುಗಿ ಬಟ್ಟೆ ಒಣಹಾಕುತ್ತಿದ್ದಳು. "ಏನಾಂಟಿ? ಕರೆದ್ರಾ?" ಎಂದಳು.

"ಏನಿಲ್ಲಮ್ಮಾ" ಎಂದು ಕಾರು ಹತ್ತಿದೆ.